ತೊಳೆದು ಬರುತ್ತಿದ್ದ ಡಬ್ಬಿ

ಬೀದಿಯಲ್ಲಿ ಎಲ್ಲರೂ ಅವಳನ್ನು ಡಬ್ಬಿ ಅಕ್ಕ ಅನ್ನುತ್ತಿದ್ದರು. ವಾರಕ್ಕೆ ಮೂರು ದಿನ, ಬೆಳಿಗ್ಗೆ ಏಳಕ್ಕೆ, ಅವಳ ಮನೆಯ ಮುಂದಿನ ಕಟ್ಟೆಯ ಮೇಲೆ ಹದಿಮೂರು ಸ್ಟೀಲ್ ಡಬ್ಬಿಗಳು ಬಾಯಿ ತೆರೆದುಕೊಂಡು ಬಿಸಿ ಆರಿಸಿಕೊಳ್ಳುತ್ತಿದ್ದವು. ಬಿಸಿ ಆರದೆ ಮುಚ್ಚಳ ಹಾಕಿದರೆ ಮಧ್ಯಾಹ್ನದ ಹೊತ್ತಿಗೆ ಬ್ರೆಡ್ಡು ಬೆವರುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬೆವರಿದ ಬ್ರೆಡ್ಡು ತಿನ್ನದೆ ಹಾಗೇ ವಾಪಸು ಬಂದಾಗ ಅವಳೇ ಕಲಿತದ್ದು.

ಗಂಡ ವ್ಯಾನ್ ಓಡಿಸುತ್ತಿದ್ದ. ಹನ್ನೊಂದು ಜನರನ್ನು ಕೂರಿಸಿಕೊಂಡು ಕಡಲ ದಂಡೆಯ ರಸ್ತೆಯಲ್ಲಿ ಹೋಗುವುದು, ಅಲ್ಲಲ್ಲಿ ನಿಲ್ಲಿಸಿ ಬಂಡೆಗಳನ್ನು ತೋರಿಸುವುದು, ಕೊನೆಗೆ ಲೈಟ್‌ಹೌಸ್ ಹತ್ತಿಸಿ ಸಂಜೆಗೆ ವಾಪಸು ತಂದುಬಿಡುವುದು. ವ್ಯಾನಿನ ಮೈಮೇಲೆ ದಪ್ಪಕ್ಷರದಲ್ಲಿ ‘ಊಟ ನಮ್ಮದೇ’ ಎಂದು ಬರೆಸಿದ್ದ. ನಮ್ಮದು ಅಂದರೆ ಅವಳದು. ಹದಿನೈದು ವರ್ಷಗಳಿಂದ ಅವಳು ನಾಲ್ಕಕ್ಕೆ ಏಳುತ್ತಿದ್ದಳು. ಇಪ್ಪತ್ತಾರು ಮೊಟ್ಟೆ ಬೇಯಿಸಿ, ಸುಲಿದು, ಆಲೂಗಡ್ಡೆ ಹೆಚ್ಚಿ ಕರಿಮೆಣಸು ಹಾಕಿ ಹುರಿದು, ಬ್ರೆಡ್ಡಿಗೆ ಬೆಣ್ಣೆ ಸವರಿ, ಸೌತೆಕಾಯಿ ಹೆಚ್ಚಿ ಡಬ್ಬಿಗೆ ಜೋಡಿಸುತ್ತಿದ್ದಳು. ಎಲ್ಲದರ ಮೇಲೆ ದುಂಡಗೆ ಹೆಚ್ಚಿ ಉಪ್ಪು ಸವರಿದ ಎರಡು ನಿಂಬೆ ಹೋಳು. ಊಟ ಆದಮೇಲೆ ರಸ್ತೆಯಲ್ಲಿ ಸಾಲುಸಾಲು ತಿರುವುಗಳು ಬರುತ್ತವೆ, ಯಾರಿಗಾದರೂ ಹೊಟ್ಟೆ ತೊಳಸುತ್ತದೆ ಎಂದು ಗಂಡ ಒಮ್ಮೆ ಹೇಳಿದ್ದ. ಆವತ್ತಿನಿಂದ ನಿಂಬೆ ಸೇರಿತು. ನಿಂಬೆಯ ಬೀಜಗಳನ್ನು ಚಾಕುವಿನ ತುದಿಯಿಂದ ಒಂದೊಂದಾಗಿ ತೆಗೆಯುತ್ತಿದ್ದಳು.

ಆ ರಸ್ತೆಯನ್ನು ಅವಳು ನೋಡಿರಲಿಲ್ಲ. ವ್ಯಾನಿನಲ್ಲಿ ಜಾಗ ಇರುತ್ತಿರಲಿಲ್ಲ. ಜಾಗ ಇದ್ದ ದಿನ ಮನೆಯಲ್ಲಿ ಕೆಲಸ ಇರುತ್ತಿತ್ತು. ಮಗಳ ಶಾಲೆ, ಆಮೇಲೆ ಮಗಳ ಮದುವೆ, ಆಮೇಲೆ ಮಗಳ ಬಾಣಂತನ, ಅತ್ತೆಯ ಮಧ್ಯಾಹ್ನದ ಮಾತ್ರೆ. ಆದರೂ ರಸ್ತೆ ಅವಳಿಗೆ ಅಪರಿಚಿತವಾಗಿರಲಿಲ್ಲ. ಸಂಜೆ ಬಂದ ಡಬ್ಬಿಗಳನ್ನು ತೊಳೆಯುವಾಗ ಅದು ಅವಳ ಕೈಗೆ ಸಿಗುತ್ತಿತ್ತು. ಮುಚ್ಚಳದ ಅಂಚಿನಲ್ಲಿ ಬಿಳಿ ಮರಳಿದ್ದರೆ ಮೊದಲ ಬಂಡೆಯ ಹತ್ತಿರವೇ ಯಾರೋ ಹಸಿವು ತಾಳದೆ ಡಬ್ಬಿ ತೆರೆದಿದ್ದಾರೆ. ಕಪ್ಪು ಹರಳಿದ್ದರೆ ಎರಡನೆಯ ಬಂಡೆ, ಅಲ್ಲಿನ ಮರಳು ಕಪ್ಪು. ಬುಟ್ಟಿಯ ಹಿಡಿಕೆಗೆ ಉಪ್ಪು ಅಂಟಿದ್ದರೆ ಲೈಟ್‌ಹೌಸ್ ಹತ್ತಿರ ಆವತ್ತು ಗಾಳಿ ಜೋರು. “ಇವತ್ತು ಗಾಳಿ ಇತ್ತಲ್ಲ?” ಅಂದರೆ ಗಂಡ ಬೆರಗಾಗುತ್ತಿದ್ದ. “ನಿಂಗ್ಯಾರು ಹೇಳಿದ್ರು?”

ಹದಿಮೂರರ ಲೆಕ್ಕ ಹೀಗೆ: ಹನ್ನೊಂದು ಜನ, ಗಂಡ, ಮತ್ತೊಂದು ಹೆಚ್ಚಿನದು. ಒಬ್ಬರದು ಬಿದ್ದುಹೋದರೆ, ಯಾರಾದರೂ ಇನ್ನೂ ಬೇಕೆಂದರೆ ಇರಲಿ ಎಂದು ಮೊದಲ ದಿನದಿಂದ ಕಟ್ಟುತ್ತಿದ್ದಳು. ಗುರುತಿಗೆ ಅದರ ಮುಚ್ಚಳದ ಮೇಲೆ ಕೆಂಪು ಉಗುರುಬಣ್ಣದ ಒಂದು ಚುಕ್ಕೆ ಇಟ್ಟಿದ್ದಳು.

ಆ ಚುಕ್ಕೆಯ ಡಬ್ಬಿ ತೊಳೆದು ಬರುತ್ತಿತ್ತು.

ಒಂದು ದಿನ, ಎರಡು ದಿನ ಅಲ್ಲ, ಒಂಬತ್ತು ವರ್ಷ. ಉಳಿದ ಹನ್ನೆರಡರಲ್ಲಿ ಮೊಟ್ಟೆಯ ಪುಡಿ, ಬೆಣ್ಣೆಯ ಜಿಡ್ಡು, ಕಚ್ಚಿ ಎಸೆದ ನಿಂಬೆಸಿಪ್ಪೆ, ಕೆಲವೊಮ್ಮೆ ಸಿಗರೇಟಿನ ತುಂಡು ಕೂಡ. ಚುಕ್ಕೆಯದು ಮಾತ್ರ ಥಳಥಳ. ತೊಳೆದದ್ದಷ್ಟೇ ಅಲ್ಲ, ಒಳಗೆ ನೀರಿನ ಪಸೆ ಇಲ್ಲದ ಹಾಗೆ ಒರೆಸಿ, ವಾಸನೆ ಹಿಡಿಯದಿರಲಿ ಎಂದು ಪತ್ರಿಕೆಯ ಒಂದು ತುಂಡು ಮಡಚಿಟ್ಟಿರುತ್ತಿತ್ತು. ಮುಚ್ಚಿಟ್ಟ ಡಬ್ಬಿಯೊಳಗೆ ಕಾಗದ ಇಡಬೇಕೆಂಬುದು ಡಬ್ಬಿಯೊಡನೆ ಬಾಳಿದವರಿಗೆ ಮಾತ್ರ ಗೊತ್ತಿರುವ ಸಂಗತಿ.

“ಇದನ್ನ ಯಾರಿಗೆ ಕೊಟ್ರಿ?” ಎಂದು ಮೊದಮೊದಲು ಕೇಳಿದ್ದಳು.

“ಯಾರೋ ತಿಂದ್ರು ಬಿಡು.”

“ತೊಳೆದಿದ್ದಾರೆ.”

“ಹೌದಾ?” ಅಂದು ಅವನು ಟವೆಲು ತೆಗೆದುಕೊಂಡು ಬಚ್ಚಲಿಗೆ ಹೋಗಿದ್ದ. ಅವನದೂ ತಪ್ಪಲ್ಲ. ತೊಳೆದ ಡಬ್ಬಿಗೂ ತೊಳೆಯದ ಡಬ್ಬಿಗೂ ಇರುವ ವ್ಯತ್ಯಾಸ ಕಣ್ಣಿಗೆ ಬೀಳುವುದು ತೊಳೆಯುವವರಿಗೆ. ಮಿಕ್ಕವರಿಗೆ ಎರಡೂ ಡಬ್ಬಿಯೇ.

ಅವಳೂ ಕೇಳುವುದನ್ನು ಬಿಟ್ಟಳು. ಆದರೆ ಸಂಜೆ ಬುಟ್ಟಿ ಬಂದ ಕೂಡಲೇ ಮೊದಲು ಚುಕ್ಕೆಯ ಡಬ್ಬಿಯನ್ನು ತೆಗೆದು, ಕಾಗದ ನೋಡಿ, ಒಮ್ಮೆ ಮೂಸಿ, ಗೂಡಿನಲ್ಲಿಡುತ್ತಿದ್ದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಹನ್ನೆರಡನ್ನು ತೊಳೆಯುತ್ತಿದ್ದಳು. ಹದಿಮೂರರಲ್ಲಿ ಒಂದು ಕಡಿಮೆಯಾದರೆ ಎಷ್ಟು ಮಹಾ ಹಗುರ ಎಂದು ಕೇಳುವವರು ನಿಂತುಕೊಂಡು ಹದಿಮೂರು ತೊಳೆದವರಲ್ಲ.

ಈಗ ಎರಡು ವಾರದಿಂದ ಆ ಡಬ್ಬಿ ತೊಳೆಯದೆ ಬರುತ್ತಿತ್ತು.

ಮೊದಲ ದಿನ ಅವಸರ ಇದ್ದಿರಬಹುದು ಅಂದುಕೊಂಡಳು. ಎರಡನೆಯ ದಿನ ನೀರು ಬಂದಿರಲಿಕ್ಕಿಲ್ಲ. ಐದನೆಯ ಸಲವೂ ಹಾಗೇ ಬಂದಾಗ ಕೈಯಲ್ಲಿ ಡಬ್ಬಿ ಹಿಡಿದುಕೊಂಡೇ ನಿಂತಳು. ಯಾರಿಗೇನಾಯಿತು?

“ರೀ, ಚುಕ್ಕೆ ಡಬ್ಬಿ ತೊಳೀದೆ ಬರ್ತಿದೆ.”

“ಅದಕ್ಕೇನೀಗ? ಹನ್ನೆರಡು ಹೇಗೂ ತೊಳೀತೀಯ. ಜೊತೆಗೆ ಅದೊಂದು.”

ಆ ಮಾತಿಗೆ ಉತ್ತರವನ್ನು ಮೂಲೆಯಲ್ಲಿ ಕಾಲು ನೀಡಿ ಕೂತಿದ್ದ ಅತ್ತೆ ಕೊಟ್ಟರು. “ಲೇ, ಅದೊಂದನ್ನ ನೀನು ತೊಳಿ, ಆಗ ಏನೀಗ ಅಂತ ಗೊತ್ತಾಗತ್ತೆ.”

ಶುಕ್ರವಾರ ಸಂಜೆ ಅವಳು ಗಂಡನಿಗೆ ಹೇಳಿದಳು. “ನಾಳೆ ನಾನೂ ಬರ್ತೀನಿ.”

“ಎಲ್ಲಿಗೆ?”

“ವ್ಯಾನಲ್ಲಿ.”

“ಬಂದು ಏನ್ಮಾಡ್ತೀಯ?”

“ಹದಿನೈದು ವರ್ಷದಿಂದ ಜನ ಬಂದು ಏನ್ಮಾಡ್ತಿದಾರೋ, ಅದೇ.”

ಅವನು ತಲೆ ಕೆರೆದುಕೊಂಡ. “ಸೀಟಿಲ್ವಲ್ಲೇ.”

“ನಿಮ್ಮ ಪಕ್ಕದ ಸೀಟಲ್ಲಿ ಬುಟ್ಟಿ ಕೂತ್ಕೊಳ್ಳತ್ತಲ್ಲ, ಅದನ್ನ ತೊಡೆ ಮೇಲಿಟ್ಕೊಳ್ತೀನಿ.”

“ಅಮ್ಮನ ಮಾತ್ರೆ?”

“ನನ್ನ ಗಂಟಲು, ನನ್ನ ಮಾತ್ರೆ. ನಾನೇ ನುಂಗ್ತೀನಿ,” ಅಂದರು ಅತ್ತೆ. “ನೀನು ಹೋಗಿ ಬಾರೇ. ಚಪ್ಪಲಿ ಗಟ್ಟಿಯಾದ್ದು ಹಾಕ್ಕೊಂಡು ಹೋಗು.”

ಹಾಗೆ ಶನಿವಾರ ಡಬ್ಬಿ ಅಕ್ಕ ಹದಿಮೂರು ಡಬ್ಬಿಗಳ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕಡಲ ರಸ್ತೆಗೆ ಬಂದಳು. ಊರು ಮುಗಿದು, ಕೊನೆಯ ಪೆಟ್ರೋಲ್ ಬಂಕ್ ದಾಟಿ, ರಸ್ತೆ ಒಮ್ಮೆ ಎಡಕ್ಕೆ ಹೊರಳಿದ್ದೇ ಕಡಲು ಪೂರ್ತಿ ಎದುರಿಗೆ ಬಂತು. ಊರಿನ ದಕ್ಕೆಯಲ್ಲಿ ಅವಳು ನೋಡುತ್ತಿದ್ದ ಕಡಲು ದೋಣಿಗಳ ಸಂದಿಯಲ್ಲಿ ಕಾಣುವ ಚೂರು. ಇದು ಬೇರೆಯೇ. ಬೆಳಗಿನ ಬಿಸಿಲಿಗೆ ಒಂದು ಕಡೆ ತವರದ ತಗಡಿನ ಹಾಗೆ, ಇನ್ನೊಂದು ಕಡೆ ಹಸಿರು. ಬುಟ್ಟಿಯ ಮೇಲೆ ಗಲ್ಲವಿಟ್ಟು ನೋಡಿದಳು. ನೋಡುತ್ತಿರುವಾಗ ಏನನ್ನೂ ಮಾಡಬೇಕಾಗಿರಲಿಲ್ಲ. ಅದು ಅಭ್ಯಾಸವಿಲ್ಲದ ಕೈಗಳು ಸುಮ್ಮನೆ ಬುಟ್ಟಿಯ ಬಟ್ಟೆಯನ್ನು ಸರಿಮಾಡುತ್ತಿದ್ದವು.

ಮೊದಲ ಬಂಡೆಯ ಹತ್ತಿರ ವ್ಯಾನ್ ನಿಂತಿತು. ಗಂಡ ಇಳಿದು ಕೈಯೆತ್ತಿ ತನ್ನ ಕಥೆ ಶುರುಮಾಡಿದ. ಮನೆಯಲ್ಲಿ ಉಪ್ಪು ಎಲ್ಲಿದೆ ಎಂದು ತಿಳಿಯದ ಮನುಷ್ಯ ಇಲ್ಲಿ ಅರಳು ಹುರಿದ ಹಾಗೆ ಮಾತಾಡುತ್ತಿದ್ದ.

“ನೋಡಿ, ಇದು ಮಂಡಿಯೂರಿದ ರಾಜ. ರಾಜ್ಯ ಕಳ್ಕೊಂಡು ಬಂದು ಸಮುದ್ರದ ಮುಂದೆ ತಲೆ ಬಾಗಿಸಿದಾನೆ. ಬೆನ್ನು ನೋಡಿ, ಕೈ ನೋಡಿ.”

ಎಲ್ಲರೂ ನೋಡಿದರು, ಫೋಟೋ ತೆಗೆದರು. ಅವಳೂ ನೋಡಿದಳು. ಬಗ್ಗಿದ ಬೆನ್ನು, ನೆಲಕ್ಕೆ ಚಾಚಿದ ಒಂದು ಕೈ, ಆ ಕೈಯ ಕೆಳಗೆ ಬಂದು ಬಂದು ಹೋಗುವ ನೊರೆ.

“ರಾಜ ಎಲ್ಲಿ ಬಂತು, ನೆಲ ಒರೆಸ್ತಾ ಇರೋ ಹೆಂಗಸು ಅದು,” ಅಂದಳು. ತನಗೇ ಅಂದುಕೊಂಡದ್ದು, ಆದರೆ ಪಕ್ಕದಲ್ಲಿದ್ದ ಅಜ್ಜಿಯೊಬ್ಬರಿಗೆ ಕೇಳಿಸಿತು. ಮೊಮ್ಮಗಳ ಜೊತೆ ಬಂದಿದ್ದ ಆ ಅಜ್ಜಿ ಕನ್ನಡಕ ಸರಿಮಾಡಿ ನೋಡಿ ಕಿಸಕ್ಕನೆ ನಕ್ಕರು. “ಹೌದಲ್ರೀ! ಬಟ್ಟೆ ಕೂಡ ಹಿಡ್ಕೊಂಡಿದಾಳೆ! ಅಯ್ಯೋ, ಯಾವ ಕಾಲದಿಂದ ಒರೆಸ್ತಿದಾಳೋ, ಮುಗೀತಾನೇ ಇಲ್ಲ ಪಾಪ!”

ಎರಡನೆಯದು ಬಾಗಿಲು ಕಲ್ಲು. ಕಪ್ಪು ಬಂಡೆಯ ನಡುವೆ ಅಲೆ ಕೊರೆದ ದೊಡ್ಡ ಕಂಡಿ, ಅದರಾಚೆ ಮತ್ತೆ ಕಡಲು. ಅಲ್ಲಿ ಊಟ. ಕಾಲ ಕೆಳಗಿನ ಕಪ್ಪು ಮರಳನ್ನು ಬೊಗಸೆಯಲ್ಲಿ ತೆಗೆದುಕೊಂಡಳು. ಇಷ್ಟು ವರ್ಷ ಮುಚ್ಚಳದ ಅಂಚಿನಲ್ಲಿ ಬೆರಳಿಗೆ ಸಿಗುತ್ತಿದ್ದದ್ದು ಇದೇ. ನಂಟರ ಮನೆಗೆ ಬಂದಷ್ಟು ಖುಷಿಯಾಯಿತು.

ಅವಳೇ ಡಬ್ಬಿಗಳನ್ನು ಹಂಚಿದಳು. ಜನ ಕಲ್ಲಿನ ಮೇಲೆ ಕೂತು ಮುಚ್ಚಳ ತೆರೆಯುವುದನ್ನು ಹದಿನೈದು ವರ್ಷದಲ್ಲಿ ಮೊದಲ ಸಲ ಕಂಡಳು. ಕ್ಯಾಮೆರಾ ನೇತುಹಾಕಿಕೊಂಡಿದ್ದ ಒಬ್ಬ ಹೆಂಡತಿಗೆ ಹೇಳುತ್ತಿದ್ದ. “ಪರವಾಗಿಲ್ಲ ಕಣೇ ಊಟ. ಮೊಟ್ಟೆ ಸ್ವಲ್ಪ ಜಾಸ್ತಿ ಬೆಂದಿದೆ.” ಹೆಂಡತಿ, “ನಾಲ್ಕು ಗಂಟೆಗೆದ್ದು ನೀವು ಬೇಯಿಸಿ, ಸರಿಯಾಗಿರತ್ತೆ,” ಅಂದಳು. ಡಬ್ಬಿ ಅಕ್ಕನಿಗೆ ಹೋಗಿ ಅವಳ ಕೈ ಕುಲುಕಬೇಕೆನ್ನಿಸಿತು.

“ನಿಂದೆಲ್ಲಿ?” ಗಂಡ ಆಲೂಗಡ್ಡೆ ಬಾಯಿಗಿಡುತ್ತಾ ಕೇಳಿದ.

ಬುಟ್ಟಿ ನೋಡಿದಳು. ಚುಕ್ಕೆಯದೊಂದೇ ಇತ್ತು. ಬೆರಳು ಮಡಚಿದಳು. “ಸರಿಯಾಗಿ ಎಣಿಸಿದ್ದೆನಲ್ಲ. ಹದಿಮೂರು.”

“ಹದಿಮೂರು ಸರಿಯಾಗೇ ಇದೆ. ಹೆಚ್ಚಾಗಿರೋಳು ನೀನು!” ಅವನು ಬಾಯಿತುಂಬ ನಕ್ಕ.

ಅವಳಿಗೂ ನಗು ಬಂತು. ತನ್ನ ಕೈಯಾರೆ ತನ್ನನ್ನೇ ಬಿಟ್ಟು ಎಣಿಸಿದ್ದಳು. ಅಜ್ಜಿ ಮಾತ್ರ ನಗಲಿಲ್ಲ; ತಮ್ಮ ಡಬ್ಬಿಯಿಂದ ಒಂದು ಮೊಟ್ಟೆ ಎತ್ತಿ ಅವಳ ಅಂಗೈಯಲ್ಲಿಟ್ಟರು.

“ಚುಕ್ಕೆ ಇರೋದನ್ನ ತಿನ್ನು,” ಅಂದ ಗಂಡ. “ಇವತ್ತೊಂದಿನ ಆಯಮ್ಮನಿಗೆ ಇಲ್ಲ ಅಂತೀನಿ.”

“ಯಾವ ಆಯಮ್ಮ?”

“ಲೈಟ್‌ಹೌಸಲ್ಲಿ ಕಸ ಗುಡಿಸ್ತಾರಲ್ಲ, ಅವರು. ದಿನಾ ಅವರಿಗೇ ಕೊಡೋದು.”

“ದಿನಾ?”

“ಎಷ್ಟೋ ವರ್ಷ ಆಯ್ತಪ್ಪ. ನಿಂಗೆ ಹೇಳಿಲ್ವಾ?”

“ಯಾರೋ ಅಂದಿದ್ರಿ.”

“ಯಾರೋ ಅಂದ್ರೆ ಅವರೇ.”

ಒಂಬತ್ತು ವರ್ಷ ಹುಡುಕಿದ ಮುಖ ಇವನ ಅಂಗಿಯ ಜೇಬಿನಲ್ಲಿತ್ತು, ತೆಗೆದು ತೋರಿಸಬೇಕೆಂದು ಹೊಳೆದಿರಲಿಲ್ಲ. “ಅವರು ಹುಷಾರಾಗಿದಾರಾ?”

“ಚೆನ್ನಾಗೇ ಇದಾರೆ. ಮೊನ್ನೆ ಕೂಡ ಇಸ್ಕೊಂಡ್ರು.”

ಒಂದು ಹೆದರಿಕೆ ಇಳಿಯಿತು, ಅದರ ಜಾಗಕ್ಕೆ ಇನ್ನೊಂದು ಬಂತು. ಚೆನ್ನಾಗಿದ್ದಾರೆ ಅಂದಮೇಲೆ ಯಾಕೆ ತೊಳೆಯುವುದನ್ನು ಬಿಟ್ಟರು? ನನ್ನಿಂದ ಏನಾದರೂ ತಪ್ಪಾಯಿತೇ? ಈಚೆಗೆ ಮೆಣಸು ಕಡಿಮೆ ಹಾಕುತ್ತಿದ್ದೆ, ಅದಕ್ಕೋ? ಒಂದು ದಿನ ಹಳಸಿದ್ದು ಹೋಗಿತ್ತೋ? ಚುಕ್ಕೆಯ ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಬುಟ್ಟಿಯ ತಳಕ್ಕಿಟ್ಟಳು. “ನಂಗೆ ಹಸಿವಿಲ್ಲ,” ಅಂದಳು. ಹೊಟ್ಟೆ ಗುರ್ ಅಂದಿತು.

ತಿರುವುಗಳ ಉದ್ದಕ್ಕೂ ಹಿಂದಿನ ಸೀಟುಗಳಲ್ಲಿ ನಿಂಬೆ ಚೀಪುವ ಸದ್ದು ಬರುತ್ತಿತ್ತು.

ಲೈಟ್‌ಹೌಸ್ ಬಿಳಿ ಬಣ್ಣ ಬಳಿದ ಎತ್ತರದ ಗೋಪುರ, ನಡುವೆ ಒಂದು ಕೆಂಪು ಪಟ್ಟಿ. ಮೇಲಕ್ಕೆ ನೂರ ಎಪ್ಪತ್ತೆರಡು ಮೆಟ್ಟಿಲು. “ಒಂದು ಗಂಟೆ ಟೈಮು,” ಎಂದು ಗಂಡ ಕೂಗಿದ. ಜನ ಮೆಟ್ಟಿಲಿಗೆ ನುಗ್ಗಿದರು. ಬಾಗಿಲ ಪಕ್ಕದ ನೆರಳಿನಲ್ಲಿ ಒಬ್ಬ ಹೆಂಗಸು ಎಡಗೈಯಲ್ಲಿ ಪೊರಕೆ ಹಿಡಿದು ಗುಡಿಸುತ್ತಿದ್ದಳು. ತನ್ನಷ್ಟೇ ವಯಸ್ಸು, ಐವತ್ತರ ಹತ್ತಿರ. ಬಲಗೈ ಮೊಣಕೈವರೆಗೆ ಪ್ಲಾಸ್ಟರಿನಲ್ಲಿತ್ತು.

ಡಬ್ಬಿ ಅಕ್ಕ ಅಲ್ಲೇ ನಿಂತುಬಿಟ್ಟಳು. ತಿರುಗಿ ಗಂಡನನ್ನು ನೋಡಿದಳು.

“ಓ, ಹೌದು,” ಅಂದ ಅವನು. “ಕೈಗೆ ಪೆಟ್ಟು ಬಿದ್ದಿತ್ತು. ಹೇಳೋದು ಮರ್ತೆ.”

ಅವನಿಗೆ ಬೈಯಲು ಸಂಜೆ ಇತ್ತು. ಅವಳು ಬುಟ್ಟಿಯಿಂದ ಡಬ್ಬಿ ತೆಗೆದು ಮುಂದೆ ಹಿಡಿದಳು. ಗುಡಿಸುವವಳು ಡಬ್ಬಿ ನೋಡಿದಳು, ಕೆಂಪು ಚುಕ್ಕೆ ನೋಡಿದಳು, ಆಮೇಲೆ ಅದನ್ನು ಹಿಡಿದ ಕೈಯನ್ನು. ಚಾಕು ತಾಗಿದ ಗೆರೆಗಳ, ಉಗುರಂಚಿನಲ್ಲಿ ನಿಂಬೆ ಉರಿಸಿದ ಕೈ.

“ನೀವಾ?” ಅಂದಳು.

“ನಾನೇ.”

ಪೊರಕೆ ಗೋಡೆಗೊರಗಿತು. “ಅಯ್ಯೋ, ಏನಂದ್ಕೊಂಡ್ರೋ ಏನೋ! ಎಂಜಲು ಡಬ್ಬಿ ಹಾಗೇ ಕಳಿಸ್ತಿದೀನಿ. ಎಡಗೈಲಿ ಉಜ್ಜೋಕೆ ಹೋದ್ರೆ ಡಬ್ಬಿ ನಿಲ್ಲಲ್ಲ, ತಿರುಗತ್ತೆ. ಡ್ರೈವರಣ್ಣನ ಹತ್ರ ಹೇಳಿ ಕಳಿಸಿದ್ದೆ, ಕ್ಷಮಿಸಿ ಅನ್ನಿ ಅಂತ.”

“ಹೇಳಿದ್ರಾ?” ಡಬ್ಬಿ ಅಕ್ಕ ಜೋರಾಗಿ ನಕ್ಕಳು. “ನನ್ನ ಗಂಡನ ಹತ್ರ ಹೇಳಿದ್ದು ಸಮುದ್ರಕ್ಕೆ ಹೇಳಿದ ಹಾಗೆ. ನಾನು ನನ್ನ ಅಡುಗೆ ಕೆಟ್ಟಿತ್ತೇನೋ ಅಂತ ಹೆದರಿಕೊಂಡು ಬಂದಿದೀನಿ. ಅದಕ್ಕೂ ಮುಂಚೆ, ನೀವು ಇದೀರೋ ಇಲ್ವೋ ಅಂತ.”

“ಅದನ್ನ ನೋಡೋಕೆ ಇಷ್ಟು ದೂರ ಬಂದ್ರಾ?”

“ಮತ್ತೆ?”

ಗುಡಿಸುವವಳು ಮುಖವನ್ನು ಒಂದು ಸಲ ಆಚೆ ತಿರುಗಿಸಿ ಈಚೆ ತಂದಳು. “ಬನ್ನಿ, ಮೇಲೆ ಹತ್ತೋಣ. ಗಾಳಿ ಇದೆ.”

“ನಿಮ್ಮ ಕೈ?”

“ಹತ್ತೋದು ಕಾಲಲ್ಲಿ ತಾನೆ. ಒದ್ದೆ ಮೆಟ್ಟಿಲು ಜಾರಿ ಬಿದ್ದಿದ್ದು. ಒರೆಸಿದವಳೂ ನಾನೇ, ಜಾರಿದವಳೂ ನಾನೇ.”

ಸುತ್ತು ಸುತ್ತಾಗಿ ಮೆಟ್ಟಿಲು ಮೇಲೇರುತ್ತಿತ್ತು. ಹತ್ತುವಾಗ ಗುಡಿಸುವವಳು ತನ್ನಷ್ಟಕ್ಕೆ ಅಂದಳು, “ಪೊರಕೆ ಇಲ್ದೆ ಹತ್ತಿದ್ದು ಇದೇ ಮೊದಲು. ಕೈ ಎಲ್ಲಿಟ್ಕೊಳ್ಳಬೇಕು ಅಂತಾನೇ ಗೊತ್ತಾಗ್ತಿಲ್ಲ.” ಬುಟ್ಟಿ ಇಲ್ಲದ ಕೈಗಳ ಬಗ್ಗೆ ಡಬ್ಬಿ ಅಕ್ಕನಿಗೂ ಹಾಗೇ ಅನ್ನಿಸುತ್ತಿತ್ತು. ತೊಂಬತ್ತಾರನೆಯ ಮೆಟ್ಟಿಲಿಗೆ ಅವಳ ಮೊಣಕಾಲು ಮುಷ್ಕರ ಹೂಡಿತು. ಅಲ್ಲೊಂದು ಪುಟ್ಟ ಕಿಟಕಿ, ಅದರ ಕೆಳಗೆ ಇಬ್ಬರು ಕೂರುವಷ್ಟು ಕಟ್ಟೆ.

“ಇನ್ನೂ ಎಷ್ಟಿದೆ?”

“ಎಪ್ಪತ್ತಾರು.”

“ಮೇಲೇನಿದೆ?”

“ಗಾಜು. ಒರೆಸೋಕೆ ಬೇಕಾದಷ್ಟಿದೆ.”

“ಹಾಗಾದ್ರೆ ಇಲ್ಲೇ ಸಾಕು,” ಎಂದು ಡಬ್ಬಿ ಅಕ್ಕ ಕೂತು, ಕಂಕುಳಲ್ಲಿಟ್ಟು ತಂದಿದ್ದ ಡಬ್ಬಿಯನ್ನು ನಡುವೆ ಇಟ್ಟಳು. ತನ್ನ ಪಾಲಿನ ಡಬ್ಬಿ ಮರೆತ ಕಥೆ ಹೇಳಿದಳು. ಗುಡಿಸುವವಳು ಬ್ರೆಡ್ಡನ್ನು ಎರಡು ಪಾಲು ಮಾಡಿದಳು. ಇಬ್ಬರೂ ಒಂದೇ ಡಬ್ಬಿಯಿಂದ ತಿಂದರು. ಹುರಿದ ಆಲೂಗಡ್ಡೆ ತಣ್ಣಗಾದಮೇಲೆ ಹೇಗಿರುತ್ತದೆಂದು ಡಬ್ಬಿ ಅಕ್ಕನಿಗೆ ಗೊತ್ತಿರಲಿಲ್ಲ. ಅವಳು ಯಾವಾಗಲೂ ಒಲೆಯ ಮುಂದೆ ನಿಂತು ಉಪ್ಪು ನೋಡಿದವಳು. ತಣ್ಣಗೂ ಚೆನ್ನಾಗಿತ್ತು.

“ಒಂದು ಹೇಳ್ಲಾ?” ಅಂದಳು ಗುಡಿಸುವವಳು. “ಮನೇಲಿ ಆರು ಜನಕ್ಕೆ ಬೇಯಿಸೋದು ನಾನೇ. ಬೇರೆಯವರು ನಂಗೋಸ್ಕರ ಕಟ್ಟಿದ್ದನ್ನ ತಿನ್ನೋದು ವಾರಕ್ಕೆ ಮೂರು ಸಲ, ಅದು ಇಲ್ಲಿ. ಮೊದಲು ಹೋಟ್ಲಿಂದೇನೋ ಅಂದ್ಕೊಂಡಿದ್ದೆ. ಆಮೇಲೆ ನಿಂಬೆ ನೋಡಿದೆ. ಒಂದ್ ಬೀಜ ಇಲ್ಲ. ಹೋಟ್ಲಲ್ಲಿ ಯಾರು ಬೀಜ ತೆಗೀತಾರೆ? ಇದು ಯಾವುದೋ ಮನೆಯವರ ಕೈ ಅಂದ್ಕೊಂಡು ಆವತ್ತಿಂದ ತೊಳೆದು ಕೊಡೋಕೆ ಶುರು ಮಾಡ್ದೆ.”

ಬೀಜ. ಹದಿನೈದು ವರ್ಷದಲ್ಲಿ ಬೀಜದ ಮಾತು ಯಾರೂ ಎತ್ತಿರಲಿಲ್ಲ. ಇಲ್ಲದಿರುವುದು ಯಾರ ಕಣ್ಣಿಗೆ ಬೀಳುತ್ತದೆ? ಡಬ್ಬಿ ಅಕ್ಕ ನಿಂಬೆ ಹೋಳೊಂದನ್ನು ಬಾಯಿಗಿಟ್ಟುಕೊಂಡು, ಹುಳಿಯ ನೆಪದಲ್ಲಿ ಕಣ್ಣೊರೆಸಿಕೊಂಡಳು.

ವ್ಯಾನ್ ಬಂದ ರಸ್ತೆ ಕಿಟಕಿಯಿಂದ ಪೂರ್ತಿ ಕಾಣುತ್ತಿತ್ತು. ದೂರದಲ್ಲಿ ಬಾಗಿಲು ಕಲ್ಲು ಸೂಜಿಯ ಕಣ್ಣಿನಷ್ಟು. ಅದಕ್ಕೂ ಆಚೆ ನೆಲ ಒರೆಸುವವಳು ಚುಕ್ಕೆಯಷ್ಟು. ಕೆಳಗೆ ವ್ಯಾನಿನ ಪಕ್ಕ ಗಂಡ ಕತ್ತೆತ್ತಿ ಹುಡುಕುತ್ತಿದ್ದ. ಹಾರ್ನ್ ಹೊಡೆದ.

“ಹೊಡೀಲಿ ಬಿಡಿ,” ಅಂದಳು ಡಬ್ಬಿ ಅಕ್ಕ. ಆದರೂ ಎದ್ದಳು.

ಕೆಳಗೆ ನಲ್ಲಿಯ ಹತ್ತಿರ ಡಬ್ಬಿಗಾಗಿ ಸಣ್ಣ ಜಗಳವಾಯಿತು. ನಾನು ತೊಳೀತೀನಿ ಎಂದು ಇವಳು, ಇದು ನನ್ನ ಕೆಲಸ ಎಂದು ಅವಳು. ಕೊನೆಗೆ ಗುಡಿಸುವವಳು ಎಡಗೈಯಲ್ಲಿ ಡಬ್ಬಿಯನ್ನು ತಿರುಗದ ಹಾಗೆ ಹಿಡಿದಳು, ಡಬ್ಬಿ ಅಕ್ಕ ಉಜ್ಜಿದಳು. ಒರೆಸಿಯಾದ ಮೇಲೆ ಗುಡಿಸುವವಳು ಬಾಗಿಲ ಹಿಂದಿನ ಗೂಡಿನಿಂದ ಪತ್ರಿಕೆಯ ತುಂಡು ತಂದು, ಹಲ್ಲು ಮತ್ತು ಎಡಗೈಯಿಂದ ಸೊಟ್ಟಗೆ ಮಡಚಿ, ಒಳಗಿಟ್ಟಳು.

“ಕೈ ಬಿಚ್ಚೋದು ಯಾವಾಗ?”

“ಇನ್ನು ಐದು ವಾರ.”

“ಅಲ್ಲೀವರೆಗೆ ತೊಳೀಬೇಡಿ. ಕಾಗದ ಮಾತ್ರ ಇಡಿ. ನೀವು ಇದೀರಿ ಅಂತ ಗೊತ್ತಾದ್ರೆ ಸಾಕು.”

ವಾಪಸು ಬರುವಾಗ ಅವಳು ಗಂಡನಿಗೆ ಎಲ್ಲವನ್ನೂ ಹೇಳಿದಳು, ಒಂಬತ್ತು ವರ್ಷದ್ದು. ಅವನು ರಸ್ತೆ ನೋಡಿಕೊಂಡು ಕೇಳಿದ. ಮನೆಗೆ ಬಂದಮೇಲೆ ಬಚ್ಚಲಿಗೆ ಹೋಗುವ ಬದಲು ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಚುಕ್ಕೆಯ ಡಬ್ಬಿ ತೆರೆದು ಬೆರಳಾಡಿಸಿದ. ಪಕ್ಕದ್ದನ್ನು ತೆರೆದು ಬೆರಳಿಟ್ಟ, ಮೂಸಿದ, ಮುಖ ಕಿವುಚಿದ.

“ವ್ಯತ್ಯಾಸ ಇದೆ ಕಣೇ,” ಅಂದ.

“ಐವತ್ತಮೂರನೇ ವರ್ಷಕ್ಕೆ ನನ್ನ ಮಗ ಕಣ್ಣು ಬಿಟ್ಟ,” ಅಂದರು ಅತ್ತೆ. “ಹಾಗೇ ಕೈಯನ್ನೂ ಬಿಚ್ಚು.”

ಆವತ್ತು ಅವನು ಎರಡು ಡಬ್ಬಿ ತೊಳೆದ. ಅಷ್ಟರಲ್ಲಿ ಅಂಗಿ ಒದ್ದೆಯಾಯಿತು, ಫೋನ್ ಬಂತು. ಹತ್ತನ್ನು ಅವಳೇ ತೊಳೆದಳು. ಮುಂದಿನ ಸಲ ಮೂರು ತೊಳೆದ. ಅವಳು ಆಸೆಯನ್ನು ಜಾಸ್ತಿ ಬೆಳೆಯಲು ಬಿಡಲಿಲ್ಲ, ಆದರೆ ಉಜ್ಜುವ ನಾರು ಎಲ್ಲಿದೆ ಎಂದು ತೋರಿಸಿಕೊಟ್ಟಳು. ಕಟ್ಟೆಯ ಮೇಲೆ ಈಗ ಹದಿನಾಲ್ಕು ಡಬ್ಬಿ ಆರುತ್ತಿದ್ದವು. ಹದಿನಾಲ್ಕನೆಯದು ವ್ಯಾನ್ ಹತ್ತುತ್ತಿರಲಿಲ್ಲ. ಮಧ್ಯಾಹ್ನ ಒಂದಕ್ಕೆ ಅಡುಗೆಮನೆಯ ಕಿಟಕಿಯ ಹತ್ತಿರ ಕೂತು ಅದನ್ನು ತೆರೆಯುವವಳು ಅವಳೇ.

ಪ್ರತಿ ಸಂಜೆ ಚುಕ್ಕೆಯ ಡಬ್ಬಿ ಎಂಜಲಾಗಿಯೇ ಬಂತು, ಒಳಗೊಂದು ಸೊಟ್ಟ ಮಡಿಕೆಯ ಕಾಗದದೊಡನೆ. ಅದನ್ನು ಅವಳು ಎಲ್ಲಕ್ಕಿಂತ ಮೊದಲು ತೊಳೆಯುತ್ತಿದ್ದಳು.

ಆರನೆಯ ವಾರದ ಒಂದು ಬುಧವಾರ ವ್ಯಾನ್ ನಿಂತ ಸದ್ದಾಯಿತು. ಬುಟ್ಟಿಗಿಂತ ಮುಂಚೆ ಗಂಡನ ದನಿ ಗೇಟಿನಿಂದಲೇ ಒಳಗೆ ಬಂತು.

“ಏ, ಎಲ್ಲಿದೀಯ? ಬಾ ಇಲ್ಲಿ! ತೊಳೆದು ಬಂದಿದೆ ಕಣೇ!”